ವೇಗಕ್ಕೆ ಕಡಿವಾಣ ತೊಡಿಸಿದ ಜೇಮ್ಸ್ ವಾಟ್

ವಿದ್ಯುದ್ದೀಪದ ಬುರುಡೆಯ ಮೇಲೆ, ಇಸ್ತ್ರಿಪೆಟ್ಟಿಗೆಯ ಹಿಡಿಯ ಬಳಿ, ಅಡಿಗೆಮನೆಯ ಮಿಕ್ಸಿಯ ತಳದಲ್ಲಿ ಅಂಟಿಸಿರುವ ತಗಡಿನ ಮೇಲೆ ಒಬ್ಬ ಮನುಷ್ಯನ ಹೆಸರು ದಿನವೂ ನಮ್ಮ ಕಣ್ಣಿಗೆ ಬೀಳುತ್ತದೆ. 60 ವಾಟ್, 500 ವಾಟ್ ಎಂದು ಓದುತ್ತೇವೆ. ಅದೊಂದು ಅಳತೆಯೆಂದು ತಿಳಿದು ಸುಮ್ಮನಾಗುತ್ತೇವೆ. ಆ ಅಳತೆಯ ಹಿಂದೆ ಒಂದು ಬಾಳಿದೆ. ನಮ್ಮ ಮನೆಯಲ್ಲಿ ಮೂಲೆ ಸೇರಿದ್ದ ಹಳೆಯ ಮಿಕ್ಸಿಯ ಮೋಟಾರಿಗೆ ಬೇಕೆಂದಷ್ಟೇ ವೇಗ ಕೊಡುವ ಹತೋಟಿಯನ್ನು ಅಳವಡಿಸುವ ಕೆಲಸಕ್ಕೆ ನಾನು ಕೈಹಾಕಿದಾಗ, ಆ ಬಾಳನ್ನು ಓದುವ ಸುಯೋಗ ಒದಗಿತು. ವಿದ್ಯುತ್ತಿನ ಮೋಟಾರನ್ನು ಕಂಡೇ ಇರದ ಮನುಷ್ಯನಿಗೂ ಮಿಕ್ಸಿಗೂ ಏನು ನಂಟು ಎಂದು ವಾಚಕರು ಕೇಳಬಹುದು. ಆ ನಂಟನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಜೇಮ್ಸ್ ವಾಟ್ 1736ರ ಜನವರಿ 19ರಂದು ಸ್ಕಾಟ್ಲೆಂಡಿನ ಗ್ರೀನಾಕ್ ಎಂಬ ಬಂದರು ಪಟ್ಟಣದಲ್ಲಿ ಹುಟ್ಟಿದನು. ತಂದೆ ಹಡಗು ಕಟ್ಟುವ ಕಸುಬಿನವನು, ವ್ಯಾಪಾರಿ. ಹುಡುಗನ ದೇಹ ದುರ್ಬಲ. ತಲೆನೋವು ಅವನನ್ನು ಮುಪ್ಪಿನವರೆಗೂ ಕಾಡಿತು. ಆದರೆ ಕೈ ಬಲು ಚುರುಕು. 1755ರಲ್ಲಿ ಲಂಡನ್ನಿಗೆ ಹೋಗಿ, ಒಂದು ವರ್ಷ ಅರೆಹೊಟ್ಟೆಯಲ್ಲಿ ದುಡಿದು, ಗಣಿತೋಪಕರಣಗಳನ್ನು ಮಾಡುವ ವಿದ್ಯೆಯನ್ನು ಕಲಿತನು. ಗ್ಲಾಸ್ಗೋ ನಗರಕ್ಕೆ ಮರಳಿದಾಗ, ಏಳು ವರ್ಷದ ಶಿಷ್ಯವೃತ್ತಿ ಮುಗಿಸದವನಿಗೆ ಊರಿನೊಳಗೆ ಅಂಗಡಿ ತೆರೆಯಲು ಕಸುಬುದಾರರ ಸಂಘದ ಕಟ್ಟಳೆ ಅಡ್ಡಬಂದಿತೆಂದು ಚರಿತ್ರಕಾರರು ಬರೆಯುತ್ತಾರೆ. ಆಗ ಅವನಿಗೆ ಆಸರೆ ಕೊಟ್ಟದ್ದು ವಿಶ್ವವಿದ್ಯಾನಿಲಯ. 1757ರಲ್ಲಿ ಅದು ತನ್ನ ಆವರಣದಲ್ಲಿಯೇ ಅವನಿಗೊಂದು ಕಾರ್ಯಾಗಾರವನ್ನು ಬಿಟ್ಟುಕೊಟ್ಟಿತು. ಪದವಿಯಿಲ್ಲದ ಈ ಕೆಲಸಗಾರನ ಕೋಣೆಗೆ ಪ್ರಾಧ್ಯಾಪಕರೂ ವಿದ್ಯಾರ್ಥಿಗಳೂ ಮಾತಿಗೆಂದು ಬಂದು ಕೂರುತ್ತಿದ್ದರು. ರಸಾಯನ ವಿಜ್ಞಾನಿ ಜೋಸೆಫ್ ಬ್ಲ್ಯಾಕ್ ಅವನ ಆಪ್ತಮಿತ್ರನಾದನು. ವಿದ್ಯಾಸಂಸ್ಥೆಯೊಂದು ಕೈಕಸುಬಿಗೆ ಬಾಗಿಲು ತೆರೆದರೆ ಏನಾಗಬಲ್ಲದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಕುದಿಯುವ ಕೆಟಲಿನ ಮುಚ್ಚಳ ಕುಣಿಯುವುದನ್ನು ಕಂಡು ಬಾಲಕ ವಾಟ್ ಉಗಿಯಂತ್ರವನ್ನು ಕಂಡುಹಿಡಿದನೆಂಬ ಕಥೆಯನ್ನು ನಾವೆಲ್ಲ ಬಾಲ್ಯದಲ್ಲಿ ಓದಿದ್ದೇವೆ. ಕಥೆ ಸೊಗಸಾಗಿದೆ, ಆದರೆ ನಿಜವಲ್ಲ. ವಾಟ್ ಹುಟ್ಟುವ ಮುನ್ನವೇ, 1712ರಲ್ಲಿ, ಥಾಮಸ್ ನ್ಯೂಕೊಮೆನ್ ಎಂಬಾತನ ಉಗಿಯಂತ್ರವು ಗಣಿಯ ನೀರನ್ನು ಮೇಲೆತ್ತುತ್ತಿತ್ತು. ವಾಟ್ ಮಾಡಿದ್ದು ದುರಸ್ತಿ. 1763–64ರ ಚಳಿಗಾಲದಲ್ಲಿ ವಿಶ್ವವಿದ್ಯಾನಿಲಯದವರು ಕೆಟ್ಟುನಿಂತ ಆ ಯಂತ್ರದ ಮಾದರಿಯೊಂದನ್ನು ಸರಿಪಡಿಸಲು ಅವನ ಕೈಗಿತ್ತರು. ಸರಿಪಡಿಸಿದ ಮೇಲೂ ಅದು ನಾಲ್ಕಾರು ಬಾರಿ ಆಡಿ ನಿಲ್ಲುತ್ತಿತ್ತು. ಬೇರೊಬ್ಬನಾಗಿದ್ದರೆ ಕೂಲಿ ಪಡೆದು ಕೈತೊಳೆದುಕೊಳ್ಳುತ್ತಿದ್ದನು. ವಾಟ್ ಕಾರಣವನ್ನು ಹುಡುಕಿದನು. ಒಂದೇ ಸಿಲಿಂಡರನ್ನು ಪ್ರತಿಸಲವೂ ಕಾಯಿಸಿ, ಮತ್ತೆ ತಣ್ಣೀರಿನಿಂದ ಆರಿಸುವುದರಲ್ಲಿ ಬಹುಪಾಲು ಉಗಿ ವ್ಯರ್ಥವಾಗುತ್ತಿತ್ತು. 1765ರ ಒಂದು ಭಾನುವಾರ ಗ್ಲಾಸ್ಗೋ ನಗರದ ಹುಲ್ಲುಗಾವಲಿನಲ್ಲಿ ತಿರುಗಾಡುತ್ತಿದ್ದಾಗ ಪರಿಹಾರ ಹೊಳೆಯಿತು: ಸಿಲಿಂಡರು ಸದಾ ಬಿಸಿಯಾಗಿರಲಿ, ಉಗಿಯನ್ನು ಬೇರೊಂದು ಪಾತ್ರೆಗೆ ಒಯ್ದು ಅಲ್ಲಿ ತಣಿಸಬೇಕು.

ಹೊಳೆದದ್ದು ಒಂದು ದಿನದಲ್ಲಿ. ಅದನ್ನು ಕಬ್ಬಿಣದಲ್ಲಿ ಕಾಣಲು ಹನ್ನೊಂದು ವರ್ಷ ಹಿಡಿಯಿತು. 1769ರಲ್ಲಿ ಪೇಟೆಂಟ್ ದೊರೆಯಿತಾದರೂ ಹಣ ಕೂಡಿಸಿದ್ದ ರೋಬಕ್ ದಿವಾಳಿಯಾದನು. ಹೊಟ್ಟೆಪಾಡಿಗಾಗಿ ವಾಟ್ ಕಾಲುವೆಗಳ ಮೋಜಣಿಗೆ ಊರೂರು ಅಲೆದನು. 1773ರಲ್ಲಿ ಹೀಗೆ ಬೆಟ್ಟನಾಡಿನಲ್ಲಿ ಅಳತೆ ಮಾಡುತ್ತಿದ್ದಾಗಲೇ ಮನೆಯಲ್ಲಿ ಮಡದಿ ಮಾರ್ಗರೆಟ್ ತೀರಿಕೊಂಡಳು. ಮರುವರ್ಷ ಆತನು ಬರ್ಮಿಂಗ್ಹ್ಯಾಮಿಗೆ ಹೋಗಿ, ಮ್ಯಾಥ್ಯೂ ಬೋಲ್ಟನ್ ಎಂಬ ಧೈರ್ಯಶಾಲಿ ಉದ್ಯಮಿಯನ್ನು ಸೇರಿದನು. 1776ರಲ್ಲಿ ಅವರ ಯಂತ್ರಗಳು ಕೆಲಸಕ್ಕೆ ನಿಂತವು. ಉಳಿತಾಯವಾದ ಕಲ್ಲಿದ್ದಲಿನ ಬೆಲೆಯಲ್ಲಿ ಮೂರನೆಯ ಒಂದು ಪಾಲು ಅವರ ಪ್ರತಿಫಲ. ಗಿರಣಿಯ ಕುದುರೆಯ ಬದಲು ಯಂತ್ರವನ್ನು ಕೊಳ್ಳುವವನಿಗೆ ಲೆಕ್ಕ ತಿಳಿಯಬೇಕಲ್ಲವೆ? ಅದಕ್ಕಾಗಿ ವಾಟ್ ಅಶ್ವಶಕ್ತಿಯೆಂಬ ಅಳತೆಯನ್ನು ನಿಗದಿಮಾಡಿದನು. ಇಂದಿನ ಲೆಕ್ಕದಲ್ಲಿ ಅದು 746 ವಾಟ್. ನಮ್ಮ 500 ವಾಟಿನ ಮಿಕ್ಸಿ ಒಂದು ಕುದುರೆಯ ಸುಮಾರು ಮೂರರಲ್ಲಿ ಎರಡು ಪಾಲು.

ಶಕ್ತಿ ಕೈಗೆ ಬಂದಿತು, ಸರಿ. ಆದರೆ ಹೊರೆ ಕಡಿಮೆಯಾದರೆ ಯಂತ್ರವು ಹುಚ್ಚುಕುದುರೆಯಂತೆ ಓಡುವುದು, ಹೊರೆ ಹೆಚ್ಚಿದರೆ ಕುಂಟುವುದು. ನೂಲುವ ಯಂತ್ರಕ್ಕೆ ಇಂತಹ ಓಟ ಒದಗದು, ಎಳೆ ಕಡಿದುಹೋಗುತ್ತದೆ. 1788ರಲ್ಲಿ ಬೋಲ್ಟನ್ ಲಂಡನ್ನಿನ ಆಲ್ಬಿಯನ್ ಹಿಟ್ಟಿನ ಗಿರಣಿಯಲ್ಲಿ, ಬೀಸುವ ಕಲ್ಲುಗಳನ್ನು ಹತೋಟಿಯಲ್ಲಿಡುವ ಒಂದು ಸಾಧನವನ್ನು ಕಂಡು ವಾಟ್‌ಗೆ ತಿಳಿಸಿದನು. ತಿರುಗುವ ಕಂಬಕ್ಕೆ ಎರಡು ತೋಳು, ತೋಳಿನ ತುದಿಯಲ್ಲಿ ಎರಡು ಗುಂಡು. ವೇಗ ಹೆಚ್ಚಿದಂತೆ, ಜಾತ್ರೆಯ ತಿರುಗುವ ತೊಟ್ಟಿಲುಗಳು ಹೊರಕ್ಕೆ ಚಾಚುವ ಹಾಗೆ, ಗುಂಡುಗಳು ಹೊರಕ್ಕೆ ಚಾಚಿ ಮೇಲೇಳುತ್ತವೆ. ವಾಟ್ ಅವುಗಳನ್ನು ಸರಳುಗಳ ಮೂಲಕ ಉಗಿಯ ಕವಾಟಕ್ಕೆ ಜೋಡಿಸಿದನು. ಗುಂಡು ಮೇಲೆದ್ದರೆ ಉಗಿ ಕಡಿಮೆ, ಕೆಳಗಿಳಿದರೆ ಉಗಿ ಹೆಚ್ಚು. ಯಂತ್ರವು ತನ್ನ ವೇಗವನ್ನು ತಾನೇ ಅಳೆದು ತಾನೇ ತಿದ್ದಿಕೊಳ್ಳತೊಡಗಿತು. ಇದಕ್ಕೆ ಗವರ್ನರ್ ಎಂದು ಹೆಸರು. ಗಿರಣಿಯವರಿಗೆ ಮೊದಲೇ ಗೊತ್ತಿದ್ದ ಸಾಧನವಾದ್ದರಿಂದ ವಾಟ್ ಅದಕ್ಕೆ ಪೇಟೆಂಟ್ ಪಡೆಯಲಿಲ್ಲ.

ಇಲ್ಲಿಗೆ ಮಿಕ್ಸಿಯ ಮಾತು ಬಂದಿತು. ಮಿಕ್ಸಿಯ ಮೋಟಾರು ಇಂಗಾಲದ ಬ್ರಷ್ಷುಗಳಿರುವ ಜಾತಿಯದು. ಸುರುಳಿಯ ಬೇರೆ ಬೇರೆ ಜಾಗಗಳಿಂದ ತಂತಿ ತೆಗೆದು ಮೂರು ವೇಗಗಳನ್ನು ಕೊಟ್ಟಿರುತ್ತಾರೆ. ಆ ಮೂರೂ ತೆಂಗಿನಕಾಯಿ ರುಬ್ಬಲು ಸರಿ, ಬೆಣ್ಣೆ ಕಡೆಯಲು ಅತಿ. ವಿದ್ಯುತ್ತಿನ ಪ್ರತಿ ಅಲೆಯಲ್ಲಿ ಸ್ವಲ್ಪ ಭಾಗವನ್ನು ಕತ್ತರಿಸಿಬಿಡುವ ಟ್ರಯಾಕ್ ರೆಗ್ಯುಲೇಟರನ್ನು, ಮೋಟಾರು ಸುತ್ತುವ ಮೇಸ್ತ್ರಿಯ ಕಣ್ಣೆದುರಿಗೆ ನಾನು ಜೋಡಿಸಿದೆ. ಬರಿಯ ಜಾರಿನಲ್ಲಿ ಅದು ಹೇಳಿದಂತೆ ಕೇಳಿತು. ಜಾರಿಗೆ ಹೊರೆ ಬಿದ್ದಕೂಡಲೇ ವೇಗ ಕುಸಿಯಿತು. ಶಕ್ತಿಯನ್ನು ಕಡಿಮೆಮಾಡುವುದು ಬೇರೆ, ವೇಗವನ್ನು ಕಾಯುವುದು ಬೇರೆ ಎಂಬ ಮಾತನ್ನು ಮೇಸ್ತ್ರಿ ಹೇಳಿ, ಹಿಂದಿನ ಕಾಲದ ಒಂದು ಹಿಟ್ಟು ಕಲಸುವ ಯಂತ್ರವನ್ನು ಬಿಚ್ಚಿ ತೋರಿಸಿದರು. ಅದರ ಅಚ್ಚಿನ ಹಿಂಬದಿಯಲ್ಲಿ ಎರಡು ಪುಟ್ಟ ತೂಕಗಳು! ವೇಗ ಮಿತಿಮೀರಿದರೆ ಅವು ಹೊರಕ್ಕೆ ಚಾಚಿ ವಿದ್ಯುತ್ತಿನ ಸಂಪರ್ಕವನ್ನು ಬಿಡಿಸುತ್ತವೆ. ಕುಗ್ಗಿದರೆ ಮತ್ತೆ ಕೂಡಿಸುತ್ತವೆ. ಹೊರಗಿನ ಗುಂಡಿಯನ್ನು ತಿರುಗಿಸಿದರೆ ಮಿತಿ ಬದಲಾಗುತ್ತದೆ. ವಾಟ್‌ನ ಗುಂಡುಗಳೇ ಕಿರಿದಾಗಿ ಅಡಿಗೆಮನೆಗೆ ಬಂದಿದ್ದವು. ಇಂದು ಅಚ್ಚಿಗೆ ಒಂದು ಚೂರು ಅಯಸ್ಕಾಂತ ಅಂಟಿಸಿ, ಸುತ್ತುಗಳನ್ನು ಎಣಿಸುವ ಎಲೆಕ್ಟ್ರಾನಿಕ್ ಫಲಕದಿಂದ ಅದೇ ಕೆಲಸ ಮಾಡಿಸಬಹುದು. ಅಂತಹದೊಂದನ್ನು ಕೂಡಿಸಿದ ಮೇಲೆ ನಮ್ಮ ಮಿಕ್ಸಿ ಹೊರೆಗೆ ಕುಗ್ಗದೆ ನಡೆಯಿತು. ಗುಂಡು ಹೋಗಿ ಅಯಸ್ಕಾಂತ ಬಂದರೂ ತತ್ತ್ವ ಬದಲಾಗಲಿಲ್ಲ. ಆ ತತ್ತ್ವದ ಗಣಿತವನ್ನು 1868ರಲ್ಲಿ ಮ್ಯಾಕ್ಸ್‌ವೆಲ್ ಎಂಬ ಮತ್ತೊಬ್ಬ ಸ್ಕಾಟ್ ವಿಜ್ಞಾನಿ ಬಿಡಿಸಿಟ್ಟನು.

ವಾಟ್‌ನ ಬಾಳಿನಲ್ಲಿ ಮೆಚ್ಚಲಾರದ ಸಂಗತಿಯೂ ಉಂಟು. ಅದನ್ನು ಮುಚ್ಚಿಡುವುದು ತರವಲ್ಲ. 1775ರಲ್ಲಿ ಪಾರ್ಲಿಮೆಂಟಿನ ಶಾಸನದಿಂದ ತನ್ನ ಪೇಟೆಂಟಿನ ಅವಧಿಯನ್ನು 1800ರವರೆಗೆ ಬೆಳೆಸಿಕೊಂಡು, ಉಗಿಯಂತ್ರವನ್ನು ಸುಧಾರಿಸಹೊರಟ ಇತರರನ್ನು ಅವನೂ ಬೋಲ್ಟನ್ನನೂ ನ್ಯಾಯಾಲಯದಲ್ಲಿ ತಡೆದರು. ಹೆಚ್ಚು ಒತ್ತಡದ ಉಗಿಯನ್ನು ಅಪಾಯವೆಂದು ಆತನು ಕೊನೆಯವರೆಗೂ ಒಪ್ಪಲಿಲ್ಲ. ನ್ಯೂಕೊಮೆನ್ನನ ಯಂತ್ರವನ್ನೂ ಗಿರಣಿಯವರ ಗುಂಡುಗಳನ್ನೂ ತಿದ್ದಿ ಬೆಳೆದವನು, ತನ್ನ ಯಂತ್ರವನ್ನು ಪರರು ತಿದ್ದುವುದನ್ನು ಸಹಿಸಲಿಲ್ಲ. ಯಂತ್ರಕ್ಕೆ ಕಡಿವಾಣ ತೊಡಿಸುವುದು ಒಂದು ಗುಣ. ಪರರ ಬುದ್ಧಿಗೆ ತೊಡಿಸುವುದು ಇನ್ನೊಂದು.

1800ರಲ್ಲಿ ವ್ಯಾಪಾರದಿಂದ ನಿವೃತ್ತನಾದ ಮೇಲೂ ಅವನ ಕೈ ಸುಮ್ಮನಿರಲಿಲ್ಲ. ಹೀತ್‌ಫೀಲ್ಡ್ ಎಂಬ ತನ್ನ ಮನೆಯ ಅಟ್ಟದಲ್ಲಿ, ಶಿಲ್ಪಗಳ ಪ್ರತಿ ತೆಗೆಯುವ ಯಂತ್ರಗಳನ್ನು ಕಟ್ಟುತ್ತಾ ಮುಪ್ಪನ್ನು ಕಳೆದನು. 1819ರ ಆಗಸ್ಟ್ 25ರಂದು, 83ನೆಯ ವಯಸ್ಸಿನಲ್ಲಿ ತೀರಿಕೊಂಡನು. 1882ರಲ್ಲಿ ಬ್ರಿಟಿಷ್ ವಿಜ್ಞಾನಿಗಳ ಸಂಘದ ಸಭೆಯಲ್ಲಿ ಶಕ್ತಿಯ ಮಾನಕ್ಕೆ ಅವನ ಹೆಸರನ್ನಿಡುವ ಸಲಹೆ ಬಂದಿತು. ಅವನ ಅಟ್ಟದ ಕಾರ್ಯಾಗಾರವನ್ನು ಹತಾರಗಳ ಸಮೇತ ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ಕಾಪಾಡಿದ್ದಾರೆ.

ಹಳೆಯದೊಂದು ಕೆಟ್ಟರೆ ಎಸೆದು ಹೊಸದನ್ನು ತರುವುದು ಈಗ ಸುಲಭ. ಹಾಗೆ ಎಸೆಯುವಾಗ, ಅದು ಏಕೆ ಕೆಟ್ಟಿತೆಂಬ ಪ್ರಶ್ನೆಯನ್ನೂ ಜೊತೆಗೆ ಎಸೆಯುತ್ತೇವೆ. ಪರರ ಯಂತ್ರದ ದುರಸ್ತಿಗೆ ಕುಳಿತ ಒಬ್ಬ ಕೆಲಸಗಾರನು ಆ ಪ್ರಶ್ನೆಯನ್ನು ಬಿಡದೆ ಹಿಡಿದುದರಿಂದ ಲೋಕದ ದುಡಿಮೆಯ ರೀತಿಯೇ ಬದಲಾಯಿತು. ನಮ್ಮ ಸಹಪಾಠಿಗಳು ಅವನ ಹೆಸರಿನ ಜೊತೆಗೆ ಆ ಪ್ರಶ್ನೆಯನ್ನೂ ನೆನಪಿನಲ್ಲಿಟ್ಟುಕೊಳ್ಳಲಿ.