ಎರಡು ಕಿವಿಗಳ ಮರ್ಮವನ್ನರಿತ ಬ್ಲಮ್ಲೈನ್

ಮನೆಯಲ್ಲಿ ಎರಡು ಸ್ಪೀಕರುಗಳನ್ನಿಟ್ಟು ಸಂಗೀತ ಕೇಳುವ ಕ್ರಮಕ್ಕೆ ಬುನಾದಿ ಹಾಕಿದವನು ಇಂಗ್ಲೆಂಡಿನ ಸುಪ್ರಸಿದ್ಧ ಇಂಜಿನಿಯರ್ ಅಲನ್ ಬ್ಲಮ್ಲೈನ್. ಈತನು ಬದುಕಿದ್ದು ನಲುವತ್ತಕ್ಕಿಂತಲೂ ಕಡಿಮೆ ವರ್ಷ. ಅಷ್ಟರಲ್ಲೇ 128 ಪೇಟೆಂಟುಗಳಲ್ಲಿ ಈತನ ಹೆಸರು ಸೇರಿತ್ತು.

ಬ್ಲಮ್ಲೈನ್ 1903ರ ಜೂನ್ 29ರಂದು ಲಂಡನ್ನಿನಲ್ಲಿ ಜನಿಸಿದನು. ತಂದೆ ಜರ್ಮನಿಯಿಂದ ಬಂದು ನೆಲೆಸಿದ ಗಣಿ ಇಂಜಿನಿಯರ್. ಬಾಲಕನಿಗೆ ಹನ್ನೆರಡು ವರ್ಷವಾಗುವ ತನಕವೂ ಓದು ಸರಿಯಾಗಿ ಒಲಿಯಲಿಲ್ಲ. ಆದರೆ ಗಣಿತ ಮಾತ್ರ ಆಗಲೇ ಕರಗತವಾಗಿತ್ತು. ಏಳರ ಪ್ರಾಯದಲ್ಲಿ ಮನೆಯ ಕರೆಗಂಟೆಯನ್ನು ದುರಸ್ತಿ ಮಾಡಿ, ವಿದ್ಯುತ್ ಇಂಜಿನಿಯರನೆಂದು ಸಹಿ ಹಾಕಿ, ತಂದೆಗೇ ಬಿಲ್ಲು ಕೊಟ್ಟನೆಂದು ಚರಿತ್ರಕಾರರು ಬರೆದಿದ್ದಾರೆ. ಮುಂದೆ ಪ್ರಥಮ ದರ್ಜೆಯ ಪದವಿ ಪಡೆದು, 1929ರಲ್ಲಿ ಕೊಲಂಬಿಯಾ ಗ್ರಾಫೋಫೋನ್ ಕಂಪೆನಿಯನ್ನು ಸೇರಿದನು. ಆ ಕಂಪೆನಿ 1931ರಲ್ಲಿ ಇ.ಎಂ.ಐ. ಸಂಸ್ಥೆಯಲ್ಲಿ ವಿಲೀನವಾಯಿತು.

ಅದೇ ವರ್ಷ ತನ್ನ ಭಾವೀ ಪತ್ನಿ ಡೋರೀನಳೊಡನೆ ಚಲನಚಿತ್ರ ನೋಡುತ್ತಿದ್ದಾಗ ಬ್ಲಮ್ಲೈನನಿಗೆ ಒಂದು ಕೊರತೆ ಕಂಡಿತು. ನಟನು ಪರದೆಯ ಒಂದಂಚಿನಲ್ಲಿ ಮಾತನಾಡುತ್ತಿದ್ದರೂ ಧ್ವನಿ ಬೇರೊಂದು ಕಡೆಯಿಂದ ಬರುತ್ತಿತ್ತು. ಮನುಷ್ಯನಿಗೆ ಎರಡು ಕಿವಿಗಳಿರುವಾಗ ಯಂತ್ರಕ್ಕೆ ಒಂದೇ ಕಿವಿ ಸಾಲದೆಂದು ಆತನು ಕಂಡುಕೊಂಡನು. ಎಡಗಡೆಯ ಸದ್ದು ಎಡಗಿವಿಗೆ ಮೊದಲು ಮುಟ್ಟುತ್ತದೆ. ಬಲಗಿವಿಗೆ ಮುಟ್ಟುವುದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ ತಡವಾಗಿ. ಅಷ್ಟರಿಂದಲೇ ಮೆದುಳು ದಿಕ್ಕನ್ನು ಗುರುತಿಸುತ್ತದೆ.

ಈ ತತ್ತ್ವದ ಮೇಲೆ 1931ರ ಡಿಸೆಂಬರ್ 14ರಂದು ಸಲ್ಲಿಸಿದ ಪೇಟೆಂಟ್ ಅರ್ಜಿಯಲ್ಲಿ 70 ಅಂಶಗಳಿದ್ದವು. ಎರಡು ಮೈಕುಗಳಿಂದ ಬಂದ ಧ್ವನಿಗಳನ್ನು ಗ್ರಾಮಫೋನ್ ತಟ್ಟೆಯ ಒಂದೇ ಗೀರಿನ ಎರಡು ಗೋಡೆಗಳಲ್ಲಿ ಕೊರೆಯುವ ಉಪಾಯವೂ ಅದರಲ್ಲಿತ್ತು. 1934ರಲ್ಲಿ ಲಂಡನ್ನಿನ ಆಬೀ ರೋಡ್ ಸ್ಟುಡಿಯೋದಲ್ಲಿ ಥಾಮಸ್ ಬೀಚಮನ ವಾದ್ಯವೃಂದವನ್ನು ಹೀಗೆ ಮುದ್ರಿಸಿ ನೋಡಲಾಯಿತು. ಆದರೆ ಸಂಸ್ಥೆಯ ಗಮನ ಟೆಲಿವಿಷನ್ನಿನ ಕಡೆಗೆ ತಿರುಗಿದ್ದರಿಂದ ಸ್ಟೀರಿಯೊ ಮೂಲೆಗೆ ಸರಿಯಿತು. 1936ರಲ್ಲಿ ಬಿ.ಬಿ.ಸಿ. ಆರಂಭಿಸಿದ 405 ಗೆರೆಗಳ ಟೆಲಿವಿಷನ್ನಿನಲ್ಲಿಯೂ ಬ್ಲಮ್ಲೈನನ ಪಾಲು ದೊಡ್ಡದು.

ಅಷ್ಟರಲ್ಲಿ ಯುದ್ಧ ಬಂತು. ವಿಮಾನದಿಂದ ನೆಲವನ್ನು ಗುರುತಿಸುವ ರೇಡಾರಿನ ಪರೀಕ್ಷೆಗಾಗಿ 1942ರ ಜೂನ್ 7ರಂದು ಹೊರಟ ಹ್ಯಾಲಿಫ್ಯಾಕ್ಸ್ ವಿಮಾನಕ್ಕೆ ಬೆಂಕಿ ಹತ್ತಿ, ಬ್ಲಮ್ಲೈನ್ ಸಹಿತ 11 ಮಂದಿ ಮಡಿದರು. ಇಂಜಿನ್ನಿನ ಒಂದು ಸಣ್ಣ ನಟ್ಟನ್ನು ಸರಿಯಾಗಿ ಬಿಗಿಯದಿದ್ದುದೇ ಕಾರಣವೆಂದು ತನಿಖೆಯಿಂದ ತಿಳಿಯಿತು. ಕೆಲಸ ಗುಟ್ಟಿನದಾದ ಕಾರಣ ಆತನ ಸಾವಿನ ವಿವರವೂ ಗುಟ್ಟಾಗಿಯೇ ಉಳಿಯಿತು. 1958ರ ಸುಮಾರಿಗೆ ಸ್ಟೀರಿಯೊ ತಟ್ಟೆಗಳು ಮಾರುಕಟ್ಟೆಗೆ ಬಂದಾಗ ಗೀರಿನಲ್ಲಿದ್ದುದು ಆತನ ಉಪಾಯವೇ. ಆದರೆ ಪೇಟೆಂಟಿನ ಅವಧಿ ಮುಗಿದು ಹೋಗಿತ್ತು.

ಈ ಉಪಾಯದ ಫಲ ನಮಗೆ ಸಿಗಬೇಕಾದರೆ ಕೇಳುವ ನಮ್ಮ ಕಿವಿಯೂ ತಕ್ಕ ಸ್ಥಳದಲ್ಲಿರಬೇಕು. ಎರಡೂ ಸ್ಪೀಕರುಗಳಿಂದ ಸಮದೂರದಲ್ಲಿ ಕುಳಿತುಕೊಳ್ಳಬೇಕೆಂಬುದು ಹಲವರಿಗೆ ಗೊತ್ತು. ಎತ್ತರದ ವಿಚಾರ ಮರೆತು ಹೋಗುತ್ತದೆ. ಎರಡು ಸ್ಪೀಕರುಗಳ ಸ್ಟೀರಿಯೊ ಎಡ-ಬಲಗಳ ಅಂತರವನ್ನು ಹೇಳುತ್ತದೆಯೇ ಹೊರತು ಮೇಲು-ಕೆಳಗನ್ನಲ್ಲ. ಮಂದ್ರಸ್ವರ ಕೋಣೆ ತುಂಬ ಹರಡುತ್ತದೆ. ಟ್ವೀಟರಿನ ತಾರಸ್ವರವಾದರೋ ಟಾರ್ಚಿನ ಬೆಳಕಿನಂತೆ ನೇರ ಮುಂದಕ್ಕೆ ಸಾಗುತ್ತದೆ. ಸ್ಪೀಕರನ್ನು ಕಪಾಟಿನ ನೆತ್ತಿಯಲ್ಲಿಟ್ಟರೆ ಅದು ತಲೆಯ ಮೇಲಿಂದ ಹಾದು ಹೋಗುತ್ತದೆ. ಅಲ್ಲದೆ, ಒಂದೇ ಪೆಟ್ಟಿಗೆಯ ದೊಡ್ಡ ಸ್ಪೀಕರ್ ಮತ್ತು ಟ್ವೀಟರುಗಳ ಅಲೆಗಳು ಹೊಂದಿಕೆ ತಪ್ಪಿ ನಡುವಣ ಕೆಲವು ಸ್ವರಗಳು ಸೊರಗುತ್ತವೆ.

ಕುರ್ಚಿಯಲ್ಲಿ ಕುಳಿತವರ ಕಿವಿ ನೆಲದಿಂದ ಸುಮಾರು 3ರಿಂದ 3½ ಅಡಿ, ಚಾಪೆಯಲ್ಲಿ ಕುಳಿತವರದು ಸುಮಾರು 2½ ಅಡಿ ಎತ್ತರದಲ್ಲಿರುತ್ತದೆ. ಟ್ವೀಟರ್ ಆ ಮಟ್ಟಕ್ಕೆ ಬರುವಂತೆ ಪೆಟ್ಟಿಗೆಗಳನ್ನು ಗಟ್ಟಿ ಮಣೆ ಅಥವಾ ಸ್ಟೂಲಿನ ಮೇಲೆ ಇಡಬೇಕು. ಮೇಲೆಯೇ ಇಡಬೇಕಾದಲ್ಲಿ ಹಿಂಬದಿಗೆ ಮರದ ತುಂಡು ಕೊಟ್ಟು, ಬೀಳದಂತೆ ಭದ್ರಪಡಿಸಿ, ಮುಖವನ್ನು ನಮ್ಮ ಕಡೆಗೆ ಬಾಗಿಸಬೇಕು. ಇದಕ್ಕೆ ಬೇಕಾದುದು ಒಂದು ಅಳತೆಯ ಟೇಪು ಮಾತ್ರ.