ರೈತನ ಜಾಗಕ್ಕಾಗಿ ನಿಂತ ಎನ್. ಜಿ. ರಂಗ

ಗುಂಟೂರಿನ ನಿಡುಬ್ರೋಲಿನ ರೈತರ ಮನೆಯಲ್ಲಿ 1900ರಲ್ಲಿ ಹುಟ್ಟಿದ ರಂಗ ಆಕ್ಸ್‌ಫರ್ಡ್‌ನಲ್ಲಿ ಕಲಿತವರು. ಕಾಂಗ್ರೆಸ್ ಸಹಕಾರಿ ಬೇಸಾಯದ ದಾರಿ ಹಿಡಿದಾಗ ಪಕ್ಷ ಬಿಟ್ಟು, 1959ರಲ್ಲಿ ರಾಜಾಜಿಯವರ ಜೊತೆ ಸ್ವತಂತ್ರ ಪಕ್ಷ ಕಟ್ಟಿದರು.

ಅವರ ಹೋರಾಟಕ್ಕೂ ನಮ್ಮ ಕಾಸರಗೋಡಿಗೂ ನಂಟಿದೆ. ಕಾಸರಗೋಡು, ಹೊಸದುರ್ಗದ ರೈತವಾರಿ ಜಾಗಗಳಿಗೆ ಕೇರಳದ ಭೂ ಕಾನೂನು ಅನ್ವಯಿಸದು ಎಂದು 1961ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಅದನ್ನು ದಾಟಲು ಸರಕಾರ ಸಂವಿಧಾನಕ್ಕೇ 17ನೇ ತಿದ್ದುಪಡಿ ತಂದಿತು. ಲೋಕಸಭೆಯಲ್ಲಿ ರಂಗ ವಿರೋಧಿಸಿದರು. ಜಮೀನ್ದಾರರ ವಿಷಯ ಬೇರೆ, ಬೆವರು ಸುರಿಸುವ ಪಟ್ಟಾದಾರನನ್ನೂ ಅದೇ ಸಾಲಿಗೆ ಸೇರಿಸುವುದು ಅನ್ಯಾಯ ಎಂಬುದು ಅವರ ವಾದ. ಗೇಣಿಗೆ ಕೂತಿದ್ದ ಕುಟುಂಬಗಳಿಗೆ ಇದು ಹಿಡಿಸಲಿಕ್ಕಿಲ್ಲ, ಅದೂ ಸರಿಯೇ. 1964ರಲ್ಲಿ ತಿದ್ದುಪಡಿ ಪಾಸಾಯಿತು. ಆದರೂ ಮಿತಿಯೊಳಗಿನ ಸ್ವಂತ ಸಾಗುವಳಿ ಭೂಮಿ ತೆಗೆದುಕೊಂಡರೆ ಮಾರುಕಟ್ಟೆ ಬೆಲೆಗಿಂತ ಕಡಿಮೆ ಕೊಡಬಾರದು ಎಂಬ ಷರತ್ತು ಅದರೊಳಗೇ ಇದೆ.