ಚೀಕಲಪರ್ವಿ ದಾಸರು ನಡೆದ ಏಳು ಬೆಟ್ಟ: ಅದು ಬರೀ ಗುಡಿಯಲ್ಲ, ಕಾಡೂ ಹೌದು

ಮಾನ್ವಿ: ನಮ್ಮ ಕಡೆ ತಿರುಪತಿಗೆ ಹೋಗದ ಮನೆ ಸಿಗೋದು ಕಷ್ಟ. ಅಂಗಡಿ ಗಲ್ಲಾದ ಮೇಲೆ ತಿಮ್ಮಪ್ಪನ ಫೋಟೊ, ವರ್ಷಕ್ಕೊಮ್ಮೆ ರಾಯಚೂರು ಸ್ಟೇಷನ್‌ನಿಂದ ರೈಲು. ರೈಲು ಇಲ್ಲದ ಕಾಲದಲ್ಲಿ ನಮ್ಮ ತಾಲ್ಲೂಕಿನ ಒಬ್ಬರು ಆ ಬೆಟ್ಟಕ್ಕೆ ಮತ್ತೆ ಮತ್ತೆ ಹೋಗಿ ಬಂದರು. ಅವರೇ ಚೀಕಲಪರ್ವಿಯ ವಿಜಯದಾಸರು.

ತುಂಗಭದ್ರಾ ದಂಡೆಯ ಈ ಊರಲ್ಲಿ ದಾಸರು ಹುಟ್ಟಿದ್ದು 1682ರಲ್ಲಿ. ತಂದೆ ಶ್ರೀನಿವಾಸಪ್ಪ, ತಾಯಿ ಕೂಸಮ್ಮ. ಇಟ್ಟ ಹೆಸರು ದಾಸಪ್ಪ. ಮನೆಯಲ್ಲಿ ಕಡುಬಡತನ. ಹುಡುಗ ಊರು ಬಿಟ್ಟ, ಕಾಶಿ ತನಕ ಹೋದ. ಪುರಂದರದಾಸರು ಕನಸಿನಲ್ಲಿ ಬಂದು ವಿಜಯವಿಠಲ ಅಂಕಿತ ಕೊಟ್ಟರು ಅಂತ ಹಿರಿಯರು ಹೇಳ್ತಾರೆ. ಹೆಂಡತಿ ಅರಳಮ್ಮನವರ ಜೊತೆ ಸಂಸಾರ ಮಾಡ್ತಾನೇ ದಾಸರು ಊರೂರು ತಿರುಗಿದರು, ಹಾಡಿದರು. ಅವರ ಸುಳಾದಿಗಳು ಇವತ್ತಿಗೂ ಭಜನಾ ಮಂಡಳಿಗಳ ಬಾಯಲ್ಲಿವೆ.

ತಿರುಪತಿ ಮೇಲೆ ಅವರಿಗೆ ವಿಶೇಷ ಪ್ರೀತಿ. ಈಗ ಅಲಿಪಿರಿಯಿಂದ ಸುಮಾರು 3,550 ಮೆಟ್ಟಿಲು, ತಲೆ ಮೇಲೆ ನೆರಳು, ದಾರಿಗೆ ಲೈಟು. ಮೋಟಾರು ಹೋಗೋ ಘಾಟ್ ರಸ್ತೆ ಆಗಿದ್ದೇ 1944ರಲ್ಲಿ. ದಾಸರ ಕಾಲದಲ್ಲಿ ಇದ್ಯಾವುದೂ ಇಲ್ಲ. ಕಲ್ಲು, ಕಣಿವೆ, ಎರಡೂ ಕಡೆ ದಟ್ಟ ಅಡವಿ. ಬೆಟ್ಟ ಹತ್ತೋದು ಅಂದ್ರೆ ಅಡವಿ ದಾಟೋದೇ ಆಗಿತ್ತು. ಒಮ್ಮೆ ತೇರು ಮುಂದೆ ಸಾಗದೆ ನಿಂತಾಗ ದಾಸರು ಹಾಡಿದ ಮೇಲೆ ಸಾಗಿತು ಎಂಬ ಕಥೆ ನಮ್ಮ ಕಡೆ ಮನೆಮಾತು.

ಅವರ ಶಿಷ್ಯರೂ ನಮ್ಮವರೇ. ಗೋಪಾಲದಾಸರು ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನವರು. ಮಾನ್ವಿಯ ಜಗನ್ನಾಥದಾಸರು ಮೊದಲು ವಿಜಯದಾಸರನ್ನು ಹಗುರವಾಗಿ ಕಂಡು, ಹೊಟ್ಟೆನೋವಿನ ನೆಪ ಹೇಳಿ ಊಟಕ್ಕೆ ಹೋಗಲಿಲ್ಲವಂತೆ. ಆ ನೋವು ನಿಜವೇ ಆಗಿ, ಕೊನೆಗೆ ಗೋಪಾಲದಾಸರ ಕಡೆ ಹೋಗಬೇಕಾಯಿತು ಅನ್ನೋದು ಎಲ್ಲರಿಗೂ ಗೊತ್ತಿರೋ ಕಥೆ. 1755ರ ಕಾರ್ತಿಕ ಶುದ್ಧ ದಶಮಿಯಂದು ವಿಜಯದಾಸರು ಚಿಪ್ಪಗಿರಿಯಲ್ಲಿ ದೇಹ ಬಿಟ್ಟರು. ತಿರುಪತಿ ರೈಲು ಗುಂತಕಲ್‌ನಲ್ಲಿ ನಿಂತಾಗ ನೆನಪಿಡಿ, ಚಿಪ್ಪಗಿರಿ ಅಲ್ಲೇ ಹತ್ತಿರ.

ದಾಸರು ಹೋಗಿ 234 ವರ್ಷದ ಮೇಲೆ, 1989ರಲ್ಲಿ, ಆ ಬೆಟ್ಟಗಳ ಸುಮಾರು 353 ಚದರ ಕಿ.ಮೀ. ಕಾಡು ಶ್ರೀ ವೆಂಕಟೇಶ್ವರ ರಾಷ್ಟ್ರೀಯ ಉದ್ಯಾನ ಆಯಿತು. 2010ರಲ್ಲಿ ಇನ್ನೂ ದೊಡ್ಡ ಪ್ರದೇಶ ಸೇರಿ ಶೇಷಾಚಲಂ ಜೀವಗೋಳ ಮೀಸಲು ಪ್ರದೇಶವೂ ಆಯಿತು. ಚಿರತೆ, ಕರಡಿ, ಕಾಡುನಾಯಿ, ಕಡವೆ, ಕಾಡುಪಾಪ ಅಲ್ಲಿವೆ. ಬಂಗಾರ ಬಣ್ಣದ ಒಂದು ಅಪರೂಪದ ಹಲ್ಲಿಯನ್ನು ವಿಜ್ಞಾನಿಗಳು 1870ರಲ್ಲಿ ಮೊದಲು ಗುರುತಿಸಿದ್ದು ಈ ಬೆಟ್ಟದಲ್ಲೇ. ತಲಕೋನ ಜಲಪಾತ ಕೂಡ ಇದೇ ಕಾಡಿನದು.

ಈ ಕಾಡಿಗೆ ದೊಡ್ಡ ಕಂಟಕ ಅಂದ್ರೆ ರಕ್ತಚಂದನ. ಪೂರ್ವ ಘಟ್ಟದ ಈ ಭಾಗ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಈ ಮರ ತಾನಾಗಿ ಬೆಳೆಯೋದಿಲ್ಲ. ಅದಕ್ಕೇ ಕಳ್ಳಸಾಗಣೆ. 2015ರ ಏಪ್ರಿಲ್‌ನಲ್ಲಿ ಶೇಷಾಚಲಂನಲ್ಲಿ ಪೊಲೀಸರ ಗುಂಡಿಗೆ ತಮಿಳುನಾಡಿನ 20 ಮಂದಿ ಸತ್ತರು. ಒಂದು ಮರದ ಆಸೆ ಎಷ್ಟು ಮನೆ ದೀಪ ಆರಿಸ್ತದೆ ನೋಡಿ. 2023ರ ಆಗಸ್ಟ್‌ನಲ್ಲಿ ಮೆಟ್ಟಿಲ ದಾರಿಯಲ್ಲೇ ಆರು ವರ್ಷದ ಬಾಲಕಿ ಚಿರತೆಗೆ ಬಲಿಯಾದಳು.

ಇದನ್ನೆಲ್ಲ ಯಾಕೆ ಹೇಳಬೇಕಾಯ್ತು ಅಂದ್ರೆ, ನಾವು ಗೋಪುರ ನೋಡ್ತೀವಿ, ಲಡ್ಡು ತರ್ತೀವಿ, ನಡುವಿನ ಕಾಡು ಮಾತ್ರ ಕಣ್ಣಿಗೆ ಬೀಳೋದಿಲ್ಲ. ಮುಂದಿನ ಸಲ ಮೆಟ್ಟಿಲು ಹತ್ತುವಾಗ ಮಕ್ಕಳ ಕೈ ಬಿಡಬೇಡಿ, ಗುಂಪಾಗೇ ನಡೀರಿ. ಜಿಂಕೆ, ಮಂಗಗಳಿಗೆ ತಿಂಡಿ ಹಾಕಬೇಡಿ, ಅವು ಬಂದ ಕಡೆ ಚಿರತೆಯೂ ಬರ್ತದೆ. ಪ್ಲಾಸ್ಟಿಕ್ ಕಾಡಿಗೆ ಎಸೀಬೇಡಿ. ನಮ್ಮೂರ ದಾಸರು ಹಾಡುತ್ತಾ ದಾಟಿದ ಅಡವಿ ಅದು. ಇಷ್ಟು ವರ್ಷ ಉಳಿದು ಬಂದಿದೆ, ನಮ್ಮ ಕಾಲದಲ್ಲಿ ಹಾಳಾಗೋದು ಬೇಡ.